ಕೊಟ್ಟಿಗೆಯಲ್ಲಿ ಆರು ವೋಲ್ಟ್

ಶಾಂತಿಗ್ರಾಮ
4 ಡಿಸೆಂಬರ್ 2023

ಅಣ್ಣನಿಗೆ ನೇತ್ರಾವತಿ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನಾನು ಕೇಳುವುದು, ಹೌದಾದರೆ ನೀನು ಒಂದು ಸಲ ತಟ್ಟುವುದು, ಇಲ್ಲವಾದರೆ ಎರಡು ಸಲ. ಗಂಟಲಿನ ಆಪರೇಷನ್ ಆಗಿ ನಿನ್ನ ದನಿ ಹೋದ ಮೇಲೆ ಈ ನಾಲ್ಕು ವರ್ಷ ಅಷ್ಟರಲ್ಲೇ ನಡೆಸಿಕೊಂಡು ಬಂದೆವು. ಈಗ ಕೇಳಬೇಕಾಗಿರುವುದು ಹೌದು, ಇಲ್ಲದಲ್ಲಿ ಮುಗಿಯುವಂಥದ್ದಲ್ಲ. ದೊಡ್ಡ ಫೋನು ಮಗಳು ವರ್ಷಾಳ ಜೊತೆ ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದೆ. ಅದಕ್ಕೇ ಈ ಕಾಗದ.

ಹಸುಗಳು ಹಾಲು ಕೊಡುತ್ತಿಲ್ಲ. ಮೂರೂ. ಕೆಂಪಿ ನವೆಂಬರ್ ಮೊದಲ ವಾರ ಕರು ಹಾಕಿತು, ಹೆಣ್ಣುಗರು. ಒಂದು ಹೊತ್ತಿಗೆ ಒಂಬತ್ತು ಲೀಟರ್ ಕೊಡುತ್ತಿದ್ದದ್ದು ಈಗ ನಾಲ್ಕಕ್ಕೆ ಬಂದಿದೆ. ನಾನು ಸಾಕಿದ ರಾಣಿಯೂ ಹಾಗೇ. ನೀರಿನ ಬಾನಿಗೆ ಬಾಯಿ ಹಾಕುತ್ತಾಳೆ, ತಟ್ಟನೆ ತಲೆ ಎತ್ತುತ್ತಾಳೆ, ಹಿಂದಕ್ಕೆ ಸರಿಯುತ್ತಾಳೆ, ಒದೆಯುತ್ತಾಳೆ. ಹೋದ ವಾರ ಹಾಲಿನ ಬಕೆಟ್ಟೇ ಉರುಳಿತು. ಪಶು ಡಾಕ್ಟರು ಎರಡು ಸಲ ಬಂದು ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟು ಹೋದರು. ಬಾವು ಇಳಿಯುತ್ತದೆ, ಮತ್ತೆ ಬರುತ್ತದೆ. ಹಗಲು ಹೊಲದ ಕಡೆ ಬಿಟ್ಟರೆ ಇದೇ ಹಸುಗಳು ಕಾಲುವೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಯುತ್ತವೆ.

ಅತ್ತೆಗೆ ಕಾರಣ ಗೊತ್ತಾಗಿಬಿಟ್ಟಿದೆ. ಮೊನ್ನೆ ಡೇರಿಯಿಂದ ಬಂದವರೇ ಜಗಲಿಯ ಮೇಲೆ ಕೂತು, ಬೀದಿಗೆ ಕೇಳುವ ಹಾಗೆ, "ಹಸ ಸುಮ್ಕೆ ಒದೀತದಾ? ಕರಿಯೋ ಕೈ ಸರಿಯಿಲ್ಲ ಕಣ್ರವ್ವ" ಅಂದರು. ಇವರು ಪೇಪರ್ ಓದುತ್ತಿದ್ದರು.

ನಿನಗೆ ಬರೆಯಲು ಕಾರಣ ಬೇರೆ. ಶನಿವಾರ ಚಪ್ಪಲಿ ಬಿಟ್ಟು ಕೊಟ್ಟಿಗೆ ತೊಳೆಯುತ್ತಿದ್ದೆ. ನೀರಿನ ಬಾನಿಯ ಅಂಚು ಹಿಡಿದಾಗ ಬೆರಳಿನಲ್ಲಿ ಇರುವೆ ಹರಿದ ಹಾಗಾಯಿತು. ಇವರಿಗೆ ಹೇಳಿದರೆ, "ಚಳೀಗೆ ಜೋಮು ಇಡ್ದಿರ್ತದೆ" ಅಂದರು. ನನಗೆ ಹಾಗನ್ನಿಸಲಿಲ್ಲ. ಆ ಬಾನಿ ಕಬ್ಬಿಣದ್ದು. ಕರೆಂಟಿನ ಕೆಲಸ ಬಲ್ಲವನು ನೀನೊಬ್ಬನೇ. ನಾನು ಹುಚ್ಚಿಯೋ ಅಲ್ಲವೋ ಅಷ್ಟು ಹೇಳು ಸಾಕು.

ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೆ?

ನಿನ್ನ ತಂಗಿ
ನೇತ್ರಾವತಿ


ಹೊಳೆನರಸೀಪುರ
9 ಡಿಸೆಂಬರ್ 2023

ನೇತ್ರಾ,

ನೀನು ಹುಚ್ಚಿಯಲ್ಲ. ಕಾಗದವನ್ನು ಮೂರು ಸಲ ಓದಿದೆ.

ಈ ಕಾಗದದ ಜೊತೆಗೆ ಪಾರ್ಸೆಲ್ಲಿನಲ್ಲಿ ಕರೆಂಟು ಅಳೆಯುವ ನನ್ನ ಮೀಟರ್ ಕಳಿಸುತ್ತಿದ್ದೇನೆ. ನನಗೆ ಈಗ ಅದರ ಕೆಲಸವಿಲ್ಲ. ನಡುವಿನ ಗುಂಡಿಯನ್ನು ಅಲೆಯ ಗುರುತಿರುವ ವಿ ಕಡೆಗೆ ತಿರುಗಿಸು. ಅಲ್ಲಿ ಇನ್ನೂರು, ಏಳುನೂರ ಐವತ್ತು ಎಂದು ಎರಡು ಜಾಗವಿದೆ. ಮೊದಲು ದೊಡ್ಡದರಲ್ಲಿ ನೋಡು, ಆಮೇಲೆ ಚಿಕ್ಕದಕ್ಕೆ ಬಾ. ಎ ಎಂದಿರುವ ಕಡೆಗೆ ಯಾವತ್ತೂ ತಿರುಗಿಸಬೇಡ. ಹಸುವಿನ ಹಿಂಗಾಲು ನಿಲ್ಲುವ ಜಾಗದಲ್ಲಿ ನೆನೆದ ಗೋಣಿಚೀಲ ಹಾಸಿ, ಅದರ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕು. ಮೀಟರಿನ ವೈರಿನ ತುದಿಯಲ್ಲಿರುವ ಒಂದು ಕಡ್ಡಿ ತಟ್ಟೆಗೆ, ಇನ್ನೊಂದು ಬಾನಿಗೆ. ಚಪ್ಪಲಿ ಹಾಕಿಕೊಂಡಿರು. ಕಡ್ಡಿಯ ಪ್ಲಾಸ್ಟಿಕ್ ಹಿಡಿ, ತುದಿ ಹಿಡಿಯಬೇಡ.

ನೀನು ಏಳನೇ ಕ್ಲಾಸಿಗೆ ಬಿಟ್ಟೆ, ಅದಕ್ಕೆ ಇಷ್ಟು ಬರೆಯುತ್ತೇನೆ. ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಬಲ. ಆಂಪಿಯರ್ ಎಂದರೆ ಎಷ್ಟು ಹರಿಯಿತು ಎನ್ನುವುದು. ಓಮ್ ಎಂದರೆ ಹರಿಯದಂತೆ ಇರುವ ತಡೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ರೋಧ ಅನ್ನುತ್ತಾರೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ವೋಲ್ಟ್, ಆಂಪಿಯರ್ ಎರಡನ್ನೂ ಗುಣಿಸಿದರೆ ವಾಟ್, ಅಂದರೆ ಕರೆಂಟು ಮಾಡುವ ಕೆಲಸ. ಮೂವತ್ತು ವರ್ಷ ಈ ಮೂರು ಲೆಕ್ಕದಲ್ಲೇ ಅನ್ನ ತಿಂದೆ.

ಹಿಂದೆ ಒಂದು ಹಾಲಿನ ಘಟಕದಲ್ಲಿ ವೈರಿಂಗ್ ಮಾಡುವಾಗ ಅಲ್ಲಿಯ ಇಂಜಿನಿಯರ್ ಹೇಳಿದ್ದರು: ಬಾಯಿಂದ ಗೊರಸಿನವರೆಗೆ ಹಸುವಿನ ತಡೆ ಐನೂರು ಓಮ್ ಸುಮಾರು. ಬಾಯಿ ಒದ್ದೆ, ನೆಲ ಒದ್ದೆ, ನಾಲ್ಕು ಕಾಲೂ ಬರಿಗಾಲು. ಒದ್ದೆಯಾದ ಮನುಷ್ಯನದು ಸಾವಿರ ಇರಬಹುದು. ಅದೇ ಮನುಷ್ಯ ರಬ್ಬರ್ ಚಪ್ಪಲಿ ಹಾಕಿದರೆ ಲಕ್ಷಗಟ್ಟಲೆ. ಹಸುವಿಗೆ ತಿಳಿಯುವುದು ನಿಮಗೆ ಯಾರಿಗೂ ತಿಳಿಯದೆ ಹೋಗುವುದು ಇದರಿಂದಲೇ.

ಅಳೆದು ಬರೆ. ಊಟ ನಡೆಯುತ್ತಿದೆ. ಮುದ್ದೆ ಬಿಟ್ಟು ಗಂಜಿ ಮಾಡಿಕೊಳ್ಳುತ್ತಿದ್ದೇನೆ, ಒಬ್ಬನಿಗೆ ಅದೇ ಸುಲಭ.

ಸಿದ್ದರಾಜು


ಶಾಂತಿಗ್ರಾಮ
18 ಡಿಸೆಂಬರ್ 2023

ಅಣ್ಣ,

ಮೀಟರ್ ಬಂತು. ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡವರು ಅತ್ತೆ. ಬಿಚ್ಚಿ ನೋಡಿ, ಕೆಂಪು ಕಪ್ಪು ದಾರ ಇರುವ ಇದೇನು ಅಂದರು. ಅಳತೆ ಮಾಡುವುದು ಅಂದೆ. "ಸೇರು ಪಾವು ಬುಟ್ಟು ಇದ್ರಲ್ಲಿ ಅಳೀತೀಯಾ ಆಲ?" ಅಂದರು. ಮೊದಲನೇ ದಿನ ನಗು ಬಂದಿತ್ತು. ಆಮೇಲೆ ಅದನ್ನೇ ಡೇರಿಯ ಹತ್ತಿರ ನಾಲ್ಕು ಜನರಿಗೆ ಹೇಳಿದ್ದಾರೆ.

ನೀನು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ಐದೂವರೆಗೆ ಆರು ಬಂತು. ಒಂದೊಂದು ಸಲ ಆರು ಬಿಂದು ಒಂದು, ಆರು ಬಿಂದು ಎರಡು. ಸಂಜೆಯೂ ಅಷ್ಟೇ. ಮಧ್ಯಾಹ್ನ ನೋಡಿದರೆ ಸೊನ್ನೆ. ಮೂರು ದಿನ ನೋಡಿದೆ, ಮೂರು ದಿನವೂ ಹೀಗೇ.

ಆಮೇಲೆ ವರ್ಷಾಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಆರನ್ನು ಐನೂರರಿಂದ ಭಾಗಿಸಬೇಕು. ಚಿಕ್ಕದನ್ನು ದೊಡ್ಡದರಿಂದ ಭಾಗಿಸುವುದು ನನಗೆ ಆಗಲೂ ಬರುತ್ತಿರಲಿಲ್ಲ. ಸೊನ್ನೆ ಬಿಂದು ಒಂದು ಎರಡು ಬಂತು. ನೂರ ಇಪ್ಪತ್ತು ಮಿಲಿ ಆಂಪಿಯರ್. ಅಷ್ಟಾದರೆ ಹಸು ಸಾಯುವುದಿಲ್ಲವಾ? ನನಗೆ ಭಯವಾಗಿದೆ.

ಅಣ್ಣ, ಇನ್ನೊಂದು ಮಾತು. ಒಂದು ವಾರ ನಿನ್ನ ಹತ್ತಿರ ಬಂದು ಇರಲಾ? ಹಾಲು ಕರೆಯುವುದನ್ನು ಅತ್ತೆಯೇ ಮಾಡುತ್ತೇನೆ ಅನ್ನುತ್ತಿದ್ದಾರೆ, ಹಾಗಾಗಿ ಇಲ್ಲಿ ನನ್ನಿಂದ ನಿಲ್ಲುವ ಕೆಲಸ ಏನೂ ಇಲ್ಲ. ಸ್ವಲ್ಪ ಸುಸ್ತಾಗಿದೆ, ಅಷ್ಟೇ. ನಿನಗೂ ಅಡಿಗೆ ಮಾಡಿ ಹಾಕಿದ ಹಾಗಾಗುತ್ತದೆ.

ನೇತ್ರಾವತಿ


ಹೊಳೆನರಸೀಪುರ
22 ಡಿಸೆಂಬರ್ 2023

ನೇತ್ರಾ,

ಒಂದು ಸೊನ್ನೆ ಬಿಟ್ಟಿದ್ದೀಯ. ಸೊನ್ನೆ ಬಿಂದು ಸೊನ್ನೆ ಒಂದು ಎರಡು. ಹನ್ನೆರಡು ಮಿಲಿ ಆಂಪಿಯರ್. ಸಾಯುವುದಿಲ್ಲ. ಆದರೆ ಮೂರು ನಾಲ್ಕು ಮಿಲಿ ಆಂಪಿಯರಿಗೇ ಹಸುವಿಗೆ ತಿಳಿಯುತ್ತದೆ ಎಂದು ಆ ಇಂಜಿನಿಯರ್ ಹೇಳಿದ್ದರು. ವಾಟ್ ಲೆಕ್ಕ ಹಾಕು: ಆರನ್ನು ಸೊನ್ನೆ ಬಿಂದು ಸೊನ್ನೆ ಒಂದು ಎರಡರಿಂದ ಗುಣಿಸಿದರೆ ಸೊನ್ನೆ ಬಿಂದು ಸೊನ್ನೆ ಏಳು ಎರಡು. ಇಷ್ಟರಲ್ಲಿ ಟಾರ್ಚಿನ ಬಲ್ಬು ಕೂಡ ಉರಿಯುವುದಿಲ್ಲ. ಆದರೂ ಕುಡಿಯಲು ಬಗ್ಗಿದಾಗೆಲ್ಲ ಬಾಯಿಗೆ ಹೊಡೆದರೆ ಯಾವ ಪ್ರಾಣಿ ಸುಮ್ಮನೆ ನಿಂತು ಹಾಲು ಇಳಿಸುತ್ತದೆ? ಹಾಲು ಕೆಚ್ಚಲಲ್ಲೇ ಉಳಿದರೆ ಬಾವು ಬಾರದೆ ಇರುತ್ತದಾ? ಅತ್ತೆಗೆ ಇದನ್ನು ಹೇಳು.

ಬೆಳಿಗ್ಗೆ, ಸಂಜೆ ಆರು. ಮಧ್ಯಾಹ್ನ ಸೊನ್ನೆ. ಹಾಗಾದರೆ ಆ ಎರಡು ಹೊತ್ತಿನಲ್ಲಿ ಮಾತ್ರ ಉರಿಯುವುದು ಯಾವುದು ನೋಡು. ಕೊಟ್ಟಿಗೆಯ ಬಲ್ಬಿನ ಮೇಲೆ ವಾಟ್ ಬರೆದಿರುತ್ತದೆ, ಎಷ್ಟೆಂದು ಓದಿ ಬರೆ.

ಈಗ ಬರುವುದು ಬೇಡ. ರೂಮು ಚಿಕ್ಕದು.

ಸಿದ್ದರಾಜು


ಶಾಂತಿಗ್ರಾಮ
11 ಜನವರಿ 2024

ಅಣ್ಣನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಬರೆಯುವುದು ಬೇಡವೆಂದೇ ಇದ್ದೆ.

ಆ ರೂಮಿನಲ್ಲಿ ಅತ್ತಿಗೆ ಇದ್ದಾಗ ನಾನು, ಇವರು, ವರ್ಷಾ ಮೂವರೂ ಬಂದು ಹದಿನೈದು ದಿನ ಇದ್ದೆವು. ಅತ್ತಿಗೆ ತೀರಿಕೊಂಡಾಗಲೂ ನಾನು ಒಂದು ತಿಂಗಳು ಅಲ್ಲೇ ಇದ್ದೆ. ಆಗ ಚಿಕ್ಕದಾಗಿರಲಿಲ್ಲ. ಹೋಗಲಿ. ನಿನಗೂ ನಿನ್ನ ತಾಪತ್ರಯ ಇರುತ್ತದೆ. ಮತ್ತೆ ಕೇಳುವುದಿಲ್ಲ.

ರಾಣಿಯನ್ನು ಮಾರಿದರು. ಡಿಸೆಂಬರ್ ಕೊನೆಯಲ್ಲೇ, ಕೊಣನೂರು ಸಂತೆಯಲ್ಲಿ. ನಿನಗೆ ಹೇಳಿರಲಿಲ್ಲ. ಅರಕಲಗೂಡು ಕಡೆಯ ಲಾರಿಯವನೊಬ್ಬ ಬಂದು ಮನೆಯಿಂದ ಸಂತೆಗೆ ಹತ್ತಿಸಿಕೊಂಡು ಹೋದ. ಹತ್ತಲು ಅವಳು ತಕರಾರು ಮಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಹುಟ್ಟಿದ ದಿನ ಗೋಣಿಚೀಲದಲ್ಲಿ ಒರೆಸಿ ನಿಲ್ಲಿಸಿದವಳು ನಾನು. ಈ ಸೋಮವಾರ ಕೊಂಡವರ ಕಡೆಯಿಂದ ಸುದ್ದಿ ಬಂತು: ಹಸು ಚೆನ್ನಾಗಿದೆ, ಒದೆಯುವುದಿಲ್ಲ, ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದೆ.

ಅತ್ತೆ ಇದನ್ನು ಕೇಳಿ ನನ್ನ ಕಡೆ ನೋಡಿದರು. "ಕಂಡ್ಯಾ ಕನಕ? ಕೈ ಬದ್ಲಾಯ್ತು, ಆಲು ಬಂತು" ಅಂತ ಮಗನಿಗೆ ಹೇಳಿದರು. ಜಾಗ ಬದಲಾಯಿತು ಅಂತ ನಾನು ಹೇಳಿದೆ. ಆರು ವೋಲ್ಟು, ಐನೂರು ಓಮ್, ಎಲ್ಲ ಹೇಳಿದೆ. ಇವರು ತಲೆ ಎತ್ತದೆ, "ಆಗೆಲ್ಲ ಇಲ್ದೇ ಇದ್ದದ್ದು ಈಗೆಲ್ಲಿಂದ ಬಂತು? ಬಲ್ಬು ಎಂಟು ವರ್ಸದಿಂದ ಉರೀತಿಲ್ವಾ?" ಅಂದರು. ಆ ದಿನದಿಂದ ನನಗೆ ಕೊಟ್ಟಿಗೆಯ ಒಳಗೆ ಕೆಲಸವಿಲ್ಲ. ಸಗಣಿ ಬಾಚುವುದು ಮಾತ್ರ.

ನೀನು ಕೇಳಿದ್ದೆ, ಅದಕ್ಕೆ ಬರೆಯುತ್ತೇನೆ. ಬಲ್ಬು ಇನ್ನೂರು ವಾಟಿನದು, ತಂತಿಯ ಹಳೆಯ ತರಹದ್ದು. ಕರುವಿಗೆ ಚಳಿಯಾಗಬಾರದೆಂದು ನವೆಂಬರಿನಲ್ಲಿ ಇವರು ತಂದು ಹಾಕಿದರು. ಮೊದಲು ನಲವತ್ತು ವಾಟಿನದಿತ್ತು. ಅತ್ತೆ ಡೇರಿಗೆ ಹೋದಾಗ ಬಲ್ಬು ಆರಿಸಿ ಅಳೆದೆ. ಸೊನ್ನೆ. ಹಾಕಿದೆ, ಆರು. ಐದು ಸಲ ಹಾಕಿ ಆರಿಸಿ ನೋಡಿದೆ.

ಇನ್ನೂರು ವಾಟನ್ನು ಮನೆಯ ಕರೆಂಟಿನ ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಸೊನ್ನೆ ಬಿಂದು ಎಂಟು ಏಳು ಆಂಪಿಯರ್. ಸರಿ ತಾನೆ? ಆರು ವೋಲ್ಟನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ ಏಳು ಓಮ್ ಬಂತು. ಅದು ಯಾವುದರ ಓಮ್ ಅಂತ ನನಗೆ ತಿಳಿಯಲಿಲ್ಲ. ಬಲ್ಬಿನ ಕರೆಂಟು ಬಾನಿಗೆ ಯಾಕೆ ಬರಬೇಕು?

ನೇತ್ರಾವತಿ


ಹೊಳೆನರಸೀಪುರ
16 ಜನವರಿ 2024
(ಕಾರ್ಡು)

ನೇತ್ರಾ, ಇಂದಿನಿಂದಲೇ ಆ ಬಲ್ಬು ಹಾಕಬೇಡಿ. ಟಾರ್ಚ್ ಇಟ್ಟುಕೊಂಡು ಕರೆಯಿರಿ. ಕರುವಿಗೆ ಗೋಣಿಚೀಲ ಹೊದಿಸು. ಬಾನಿಯ ಹತ್ತಿರದ ಪೈಪು, ವೈರು ಯಾವುದನ್ನೂ ಯಾರೂ ಮುಟ್ಟಕೂಡದು, ಕತ್ತರಿಸಕೂಡದು. ಮುಖ್ಯವಾಗಿ ಕತ್ತರಿಸಕೂಡದು. ಬೋರ್‌ವೆಲ್ಲಿನಿಂದ ಬರುವ ನೀರಿನ ಪೈಪನ್ನು ಈಚೆಗೆ ಬದಲಾಯಿಸಿದ್ದೀರಾ? ಉಳಿದದ್ದನ್ನು ಆಮೇಲೆ ಬರೆಯುತ್ತೇನೆ. ಸಿದ್ದರಾಜು.


ಶಾಂತಿಗ್ರಾಮ
27 ಜನವರಿ 2024

ಅಣ್ಣ,

ಕಾರ್ಡು ಬಂದ ಮೇಲೆ ಒಂದು ವಾರ ನಿನ್ನ ಕಾಗದಕ್ಕೆ ಕಾದೆ. ಎರಡು ಸಲ ಫೋನ್ ಮಾಡಿದೆ. ನೀನು ಎತ್ತಿದೆ. ಏನು ಕೇಳಿದರೂ ಒಂದು ಸಲವೂ ತಟ್ಟಲಿಲ್ಲ. ಎರಡು ಸಲವೂ ತಟ್ಟಲಿಲ್ಲ.

ಹೌದು, ಪೈಪು ಬದಲಾಯಿಸಿದ್ದೇವೆ. ಹೋದ ಏಪ್ರಿಲಿನಲ್ಲಿ. ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಸೋರುತ್ತಿತ್ತು, ಬೋರ್‌ವೆಲ್ಲಿನಿಂದ ಕೊಟ್ಟಿಗೆಯ ಗೋಡೆಯವರೆಗೂ ಪ್ಲಾಸ್ಟಿಕ್ ಪೈಪು ಹಾಕಿಸಿದರು. ಕೊಟ್ಟಿಗೆಯ ಒಳಗಿನ ಎರಡು ಮಾರು ಮಾತ್ರ ಹಳೆಯದೇ ಉಳಿಯಿತು. ಬಾನಿ ಅದಕ್ಕೇ ಸೇರಿಕೊಂಡಿದೆ.

ಈಗ ಮೊನ್ನೆ ಬುಧವಾರ ನಡೆದದ್ದು ಹೇಳುತ್ತೇನೆ.

ಬಲ್ಬು ಹಾಕಬೇಡಿ ಎಂದು ನಿನ್ನ ಕಾರ್ಡು ತೋರಿಸಿದೆ. ಎರಡು ದಿನ ಟಾರ್ಚಿನಲ್ಲಿ ಕರೆದರು. ಕೆಂಪಿ ನೀರು ಕುಡಿದಳು, ಆರು ಲೀಟರ್ ಕೊಟ್ಟಳು. ಅತ್ತೆ ಅದು ತಮ್ಮ ಕೈಗುಣ ಎಂದುಕೊಂಡರು. ಮೂರನೇ ದಿನ ಬ್ಯಾಟರಿ ಮುಗಿಯಿತು, ಮತ್ತೆ ಬಲ್ಬು ಹಾಕಿದರು. ಕೆಂಪಿ ಒದ್ದಳು. ಒದೆ ಅತ್ತೆಯ ಮೊಣಕೈಗೆ ಬಿತ್ತು.

ಆಗ ಇವರಿಗೆ ಸಿಟ್ಟು ಬಂತು. ಅಮ್ಮನಿಗೆ ಏಟು ಬಿದ್ದ ಮೇಲೆ ನನ್ನ ಲೆಕ್ಕ ನೆನಪಾಯಿತು ಅಂತ ಕಾಣುತ್ತದೆ. ಬಲ್ಬಿನಿಂದ ಹೊರಟ ವೈರು ಎಲ್ಲಿಗೆ ಹೋಗುತ್ತದೆ ಅಂತ ಗೋಡೆಯ ಮೇಲೆ ಕೈಯಾಡಿಸಿಕೊಂಡು ಹೋದರು. ಮನೆಯಿಂದ ಬಲ್ಬಿಗೆ ಬಂದಿರುವುದು ಒಂದೇ ವೈರು. ಇನ್ನೊಂದು ವೈರು ಬಲ್ಬಿನಿಂದ ಕೆಳಗಿಳಿದು, ಬಾನಿಯ ಹಿಂದೆ ಆ ಕಬ್ಬಿಣದ ಪೈಪಿಗೆ ಕ್ಲಾಂಪ್ ಹಾಕಿ ಬಿಗಿದಿದೆ. "ಇದೇ ನನ್ಮಗಂದು" ಅಂತ ಕಟಿಂಗ್ ಪ್ಲೇಯರ್ ತಂದರು. ಪ್ಲೇಯರಿನ ಹಿಡಿಯ ರಬ್ಬರು ಕಿತ್ತು ಹೋಗಿ ಎಷ್ಟೋ ಕಾಲವಾಗಿದೆ. ಬರಿಗಾಲು. ನೆಲದ ಮೇಲೆ ಗಂಜಳ, ನೀರು.

ನೀನು ಕತ್ತರಿಸಕೂಡದು ಎಂದು ಎರಡು ಸಲ ಬರೆದಿದ್ದೆ. ಯಾಕೆ ಅಂತ ಬರೆದಿರಲಿಲ್ಲ. ಕಾರ್ಡು ಬಂದಾಗಿನಿಂದ ನಾನು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ನೋಡಿದ್ದೆ. ವೈರು ತುಂಡಾದರೆ ಕರೆಂಟು ಹರಿಯುವುದಿಲ್ಲ, ಆಂಪಿಯರ್ ಸೊನ್ನೆ. ಸೊನ್ನೆಯನ್ನು ಬಲ್ಬಿನ ಓಮಿನಿಂದ ಗುಣಿಸಿದರೂ ಸೊನ್ನೆ. ಹಾಗಾದರೆ ಬಲ್ಬಿನಲ್ಲಿ ಒಂದು ವೋಲ್ಟೂ ಖರ್ಚಾಗುವುದಿಲ್ಲ. ಅಷ್ಟೂ ಇನ್ನೂರ ಮೂವತ್ತು ಆ ತುಂಡಾದ ತುದಿಯಲ್ಲಿ ಬಂದು ನಿಲ್ಲುತ್ತದೆ. ಬಲ್ಬು ಮಾತ್ರ ಆರಿರುತ್ತದೆ.

ನಾನು ಕೂಗಿಕೊಂಡೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಅಷ್ಟು ಜೋರಾಗಿ ನಾನು ಕೂಗಿದ್ದಿಲ್ಲ. "ಮುಟ್ಬೇಡಿ! ಮೊದ್ಲು ಮೇನ್ ತೆಗೀರಿ!"

"ಕತ್ತರಿಸಿದ್ರೆ ಬಲ್ಬೇ ಆರೋಯ್ತದೆ, ಇನ್ನೆಲ್ಲಿ ಕರೆಂಟು?" ಅಂದರು.

"ಬಲ್ಬು ಆರೋಯ್ತದೆ, ವೈರು ಆರಾಕಿಲ್ಲ. ನಿಮ್ಮ ದಮ್ಮಯ್ಯ ಅಂತೀನಿ."

ನಿಂತರು. ನಾನೇ ಹೋಗಿ ಮೇನ್ ತೆಗೆದೆ. ಆಮೇಲೆ ಇವರು ಕ್ಲಾಂಪ್ ಬಿಚ್ಚಿದರು. ವೈರಿನ ತುದಿಯನ್ನು ಒಣ ಹಲಗೆಯ ಮೇಲೆ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಮೇನ್ ಹಾಕಿದೆ. ಬಲ್ಬಿನ ಸ್ವಿಚ್ಚೂ ಹಾಕಿದೆ. ಬಲ್ಬು ಉರಿಯಲಿಲ್ಲ. "ನೋಡು" ಅಂದರು ಇವರು. ನಾನು ಮೀಟರನ್ನು ದೊಡ್ಡ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಆ ತುದಿಗೆ, ಇನ್ನೊಂದನ್ನು ಬಾನಿಗೆ ಇಟ್ಟೆ.

ಇನ್ನೂರ ಇಪ್ಪತ್ತೆಂಟು.

ಇವರಿಗೆ ಓದು ಬರುತ್ತದಲ್ಲ. ಮೀಟರ್ ನೋಡಿದರು, ಕೈಯಲ್ಲಿದ್ದ ಪ್ಲೇಯರ್ ನೋಡಿದರು, ತಮ್ಮ ಕಾಲು ನೋಡಿಕೊಂಡರು. ಹೋಗಿ ಜಗಲಿಯ ಮೇಲೆ ಕೂತರು. ಆಮೇಲೆ ನಾನು ಲೆಕ್ಕ ಹಾಕಿದೆ. ಬಲ್ಬಿನದು ಇನ್ನೂರ ಅರವತ್ತನಾಲ್ಕು ಓಮ್, ಒದ್ದೆ ಮನುಷ್ಯನದು ಸಾವಿರ. ಎರಡನ್ನೂ ಕೂಡಿ, ಇನ್ನೂರ ಮೂವತ್ತನ್ನು ಅದರಿಂದ ಭಾಗಿಸಿದರೆ ನೂರ ಎಂಬತ್ತು ಮಿಲಿ ಆಂಪಿಯರ್. ಕೆಂಪಿಗೆ ಹನ್ನೆರಡು, ಇವರಿಗೆ ನೂರ ಎಂಬತ್ತು ಆಗುತ್ತಿತ್ತು. ಈ ಸಲ ಸೊನ್ನೆ ಬಿಟ್ಟಿಲ್ಲ, ಮೂರು ಸಲ ನೋಡಿದೆ. ಈ ಲೆಕ್ಕವನ್ನು ನಾನು ಯಾರಿಗೂ ತೋರಿಸಿಲ್ಲ.

ಆ ವೈರು ಹಾಕಿದ್ದು ಯಾರು ಅಂತ ಇವರು ಕೇಳಿದರು. ಕೊಟ್ಟಿಗೆ ಕಟ್ಟಿದಾಗ ಯಾರು ಯಾರೋ ಬಂದಿದ್ದರು, ನೆನಪಿಲ್ಲ ಅಂದೆ.

ಅಣ್ಣ, ಆ ದಿನ ಏಣಿ ಹಿಡಿದುಕೊಂಡು ನಿಂತಿದ್ದವಳು ನಾನು. ನನಗೆ ನೆನಪಿದೆ. ನೀನು ಬರೆಯದಿದ್ದರೂ ಪರವಾಗಿಲ್ಲ. ಆದರೆ ಫೋನಿನಲ್ಲಿ ಒಂದು ಸಲ ತಟ್ಟಬಹುದಿತ್ತು.

ನೇತ್ರಾ


ಹೊಳೆನರಸೀಪುರ
2 ಫೆಬ್ರವರಿ 2024

ನೇತ್ರಾ,

ನಾನೇ ಹಾಕಿದ್ದು.

ಆ ದಿನ ಯುಗಾದಿ. ನೀನು ಹೋಳಿಗೆ ಮಾಡಿದ್ದೆ. ಸಂಜೆಯೊಳಗೆ ಕೊಟ್ಟಿಗೆಯಲ್ಲಿ ದೀಪ ಹತ್ತಬೇಕು ಎಂದು ನಿಮ್ಮ ಅತ್ತೆಯ ಆಸೆ. ಎರಡನೇ ವೈರು ಹದಿನೈದು ಮೀಟರ್ ಕಡಿಮೆ ಬಿತ್ತು. ಹಬ್ಬದ ದಿನ, ಶಾಂತಿಗ್ರಾಮದಲ್ಲಿ ಅಂಗಡಿ ತೆಗೆದಿರಲಿಲ್ಲ, ಹಾಸನಕ್ಕೆ ಹೋಗಿ ಬರಲು ಹೊತ್ತಿರಲಿಲ್ಲ. ಆ ಕಬ್ಬಿಣದ ಪೈಪು ನೇರ ಬೋರ್‌ವೆಲ್ಲಿಗೆ, ನೆಲದೊಳಗೆ ಇನ್ನೂರು ಅಡಿ ಹೋಗಿತ್ತು. ಅದಕ್ಕೆ ಕಟ್ಟಿದೆ. ಬಲ್ಬು ಝಗ್ಗೆಂದು ಉರಿಯಿತು. ನಿಮ್ಮ ಅತ್ತೆ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಭಾನುವಾರ ಬಂದು ಸರಿಮಾಡುತ್ತೇನೆ ಎಂದುಕೊಂಡೆ. ಮರೆತೆ ಎಂದು ಬರೆಯೋಣವೆಂದು ಇಷ್ಟು ದಿನ ಯೋಚಿಸಿದೆ. ಮರೆತಿರಲಿಲ್ಲ. ಆಮೇಲೆ ನಿಮ್ಮ ಮನೆಗೆ ಹತ್ತು ಹನ್ನೆರಡು ಸಲ ಬಂದಿದ್ದೇನೆ. ಪ್ರತಿ ಸಲವೂ ಕೊಟ್ಟಿಗೆಯ ಕಡೆ ನೋಡಿದ್ದೇನೆ. ಉರಿಯುತ್ತಿದೆಯಲ್ಲ ಎಂದುಕೊಂಡಿದ್ದೇನೆ. ಬೇರೆಯವರ ಮನೆಯಲ್ಲಿ ಇಂಥದ್ದನ್ನು ಕಂಡರೆ ಬೈದು ಬಿಚ್ಚಿಸುತ್ತಿದ್ದೆ.

ಕನಕರಾಜು ಕೇಳಿದ್ದಕ್ಕೆ ಉತ್ತರ ಇದು. ಪೈಪು ಬೋರ್‌ವೆಲ್ಲಿಗೆ ಸೇರಿದ್ದಷ್ಟು ಕಾಲ ನೆಲಕ್ಕೆ ಹೋಗುವ ದಾರಿಯ ತಡೆ ಒಂದು ಓಮ್ ಕೂಡ ಇರಲಿಕ್ಕಿಲ್ಲ. ಪ್ಲಾಸ್ಟಿಕ್ ಹಾಕಿದ ಮೇಲೆ ಆ ದಾರಿ ಕಡಿದುಹೋಯಿತು. ಉಳಿದದ್ದು ಎರಡು ಮಾರು ಪೈಪು, ಒಂದು ಬಾನಿ. ನೀನು ಕಂಡುಹಿಡಿದ ಏಳು ಓಮ್ ಅದರದ್ದೇ. ನಲವತ್ತು ವಾಟಿನ ಬಲ್ಬು ಇದ್ದಾಗ ಒಂದು ವೋಲ್ಟಿನ ಮೇಲೆ ಚೂರು ಇತ್ತು, ಹಸುಗಳು ಸಹಿಸಿಕೊಂಡವು. ಇನ್ನೂರು ವಾಟ್ ಹಾಕಿದ ಮೇಲೆ ಆರಾಯಿತು. ಪೈಪು ಬದಲಾಯಿಸಿದ್ದು ಅವನ ತಪ್ಪಲ್ಲ. ಪೈಪಿಗೆ ವೈರು ಕಟ್ಟಿದ್ದೇ ತಪ್ಪು.

ನೀನು ಜನವರಿಯಲ್ಲಿ ಬರೆದ ಕಾಗದದಲ್ಲಿ ಏಳು ಓಮ್ ಎಂಬುದನ್ನು ಓದಿದಾಗಲೇ ನನಗೆ ತಿಳಿಯಿತು. ಆ ಕಾರ್ಡಿನಲ್ಲಿ ಕಾರಣವನ್ನೂ ಬರೆದಿದ್ದರೆ ಅವನು ಪ್ಲೇಯರ್ ತರುತ್ತಿರಲಿಲ್ಲ. ಕಾರಣ ಬರೆದರೆ ನನ್ನ ಹೆಸರನ್ನೂ ಬರೆಯಬೇಕಾಗುತ್ತಿತ್ತು. ನೀನು ಲೆಕ್ಕ ಕಲಿಯದೆ ಇದ್ದಿದ್ದರೆ ಎಂದು ಯೋಚಿಸುವುದಕ್ಕೂ ನನ್ನಿಂದ ಆಗುತ್ತಿಲ್ಲ.

ನೀನು ನನ್ನ ಹೆಸರು ಹೇಳದೆ ಇದ್ದದ್ದು ನಿನ್ನ ದೊಡ್ಡತನ. ಆದರೆ ನಿನ್ನ ಕೈಗೆ ಬಂದ ಮಾತು ಹೋಗಬೇಕಾದರೆ ನನ್ನ ಕೈಯ ಮಾತು ಹೊರಗೆ ಬರಲೇಬೇಕು. ಕನಕರಾಜುಗೆ ಬೇರೆ ಕಾಗದ ಬರೆದು ಇವತ್ತೇ ಹಾಕಿದ್ದೇನೆ. ನಿಮ್ಮ ಅತ್ತೆಗೆ ಓದಿ ಹೇಳು ಎಂದೂ ಬರೆದಿದ್ದೇನೆ. ಹೊಸ ವೈರನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಚಿತ್ರ ಹಾಕಿದ್ದೇನೆ. ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮಾಡಿಸಿ.

ರಾಣಿಯ ವಿಷಯ ಓದಿದೆ. ಅದಕ್ಕೆ ನಾನು ಏನು ಬರೆಯಲಿ.

ಸಿದ್ದರಾಜು


ಹಾಸನ
12 ಫೆಬ್ರವರಿ 2024

ನೇತ್ರಾ,

ಇದನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಓಡಿದ್ದರೆ ಅನುಸರಿಸಿಕೊಂಡು ಓದು.

ಶುಕ್ರವಾರ ನಿನ್ನ ಗಂಡ ಬಂದ. ಬಾಗಿಲಲ್ಲಿ ನನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಬೈಯುವುದಕ್ಕೇ ಬಂದಿದ್ದ, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಏನ್ ಭಾವ ಇದು? ಇಂಗ್ ಮಾಡ್ಬೋದಾ ನೀವು?" ಎಂದ. ನಾನು ಏಳಲು ಹೋದೆ, ಆಗಲಿಲ್ಲ. ಆಗ ಒಳಗೆ ಬಂದು ನನ್ನನ್ನು ಸರಿಯಾಗಿ ನೋಡಿದ. ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ.

ಮನೆಯ ಓನರ್ ಮುದ್ದಮ್ಮ ಬಂದು ಎಲ್ಲ ಹೇಳಿಬಿಟ್ಟಳು. "ಎಲ್ಡು ತಿಂಗ್ಳಾತು ಕಣಪ್ಪ, ಅನ್ನ ಇಳೀತಿಲ್ಲ. ಈಗ ಗಂಜೀನೂ ಇಳೀತಿಲ್ಲ. ತಂಗೀಗೆ ಏಳು ಅಂದ್ರೆ ಕೈ ಮುಗೀತಾರೆ."

ಅವನು ಹೊರಗೆ ಹೋಗಿ ಆಟೋ ತಂದ. ನನ್ನ ಎರಡು ಪಂಚೆ, ಟವಲ್ಲು ಚೀಲಕ್ಕೆ ತುಂಬಿದ. "ನಡೀರಿ ಭಾವ. ಬೈಯೋದು ಐತೆ, ಆಮೇಕೆ ಬೈತೀನಿ" ಎಂದ. ಹಾಸನಕ್ಕೆ ಬರುವವರೆಗೂ ಬಸ್ಸಿನಲ್ಲಿ ನನ್ನ ಭುಜ ಹಿಡಿದುಕೊಂಡೇ ಕೂತಿದ್ದ.

ಗಂಟಲಿನ ಹಳೆಯ ಜಾಗದಲ್ಲೇ ಮತ್ತೆ ಗಂಟು ಬೆಳೆದಿದೆ. ನವೆಂಬರಿನಲ್ಲೇ ನನಗೆ ಗೊತ್ತಿತ್ತು. ನೀನು ಬರುತ್ತೇನೆ ಎಂದಾಗ ರೂಮು ಚಿಕ್ಕದು ಎಂದು ಬರೆದದ್ದು ಅದಕ್ಕೇ. ನೀನು ಸುಸ್ತಾಗಿದೆ ಎಂದು ಬರೆದಿದ್ದೆ. ಅತ್ತೆಯ ಮಾತಿನಿಂದ ತಪ್ಪಿಸಿಕೊಂಡು ಬರುವವಳಿಗೆ ಇದನ್ನೊಂದು ಹೊರಿಸುವುದು ಬೇಡ ಎನ್ನಿಸಿತು. ಅದನ್ನು ನೀನು ಬೇರೆ ರೀತಿ ತಿಳಿದುಕೊಂಡೆ ಎಂದು ಜನವರಿಯ ಕಾಗದ ನೋಡಿದಾಗ ಗೊತ್ತಾಯಿತು. ಆಗಲೂ ತಿದ್ದಿ ಬರೆಯಲಿಲ್ಲ. ಫೋನಿನಲ್ಲಿ ನೀನು "ಊಟ ಮಾಡ್ದ್ಯಾ?" ಎಂದು ಕೇಳಿದೆ. ಒಂದು ಸಲ ತಟ್ಟಿದರೆ ಸುಳ್ಳು, ಎರಡು ಸಲ ತಟ್ಟಿದರೆ ನೀನು ಓಡಿ ಬರುತ್ತಿದ್ದೆ.

ಹೊಟ್ಟೆಗೆ ನಳಿಕೆ ಹಾಕುತ್ತಾರಂತೆ, ಊಟಕ್ಕೆ. ಆಮೇಲೆ ಸ್ಕ್ಯಾನು. ಆಮೇಲಿನದನ್ನು ಡಾಕ್ಟರು ಕನಕರಾಜುವನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದು ಅವನು ಕಿಟಕಿಯ ಕಡೆ ನೋಡುತ್ತ ನಿಂತ. ನಾನು ಕೇಳಲಿಲ್ಲ.

ಹೊಸ ವೈರು ಎಳೆಸಿದೆ, ಬಾನಿಯಲ್ಲಿ ಈಗ ಸೊನ್ನೆ ಎಂದ ಕನಕರಾಜು. ಅಳೆದವಳು ನೀನೇ ಅಂತೆ.

ಸಿದ್ದರಾಜು


ಶಾಂತಿಗ್ರಾಮ
15 ಫೆಬ್ರವರಿ 2024

ಅಣ್ಣ,

ಇದನ್ನು ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇವರ ಕೈಯಲ್ಲಿ ಬಂದ ನಿನ್ನ ಕಾಗದ ಓದಿ ಎರಡು ದಿನವಾಯಿತು.

ನನಗೆ ಕೋಪ ಬಂದಿದೆ, ಸುಳ್ಳು ಹೇಳುವುದಿಲ್ಲ. ಆ ವೈರಿಗಲ್ಲ. ವೈರಿನ ಕೋಪ ನಿನ್ನ ಕಾಗದ ಬಂದ ದಿನವೇ ಹೋಯಿತು. ನನ್ನ ಮೇಲೆ ಯಾವುದನ್ನೂ ಹೊರಿಸಬಾರದು ಅಂತ ನೀನು ಒಬ್ಬನೇ ಕೂತು ಗಂಜಿ ಚೆಲ್ಲುತ್ತಿದ್ದೆ. ಚಿಕ್ಕ ರೂಮಿಗೆ ತಂಗಿ ಬೇಡವಾದಳು ಅಂತ ಇಲ್ಲಿ ನಾನು ಒಂದು ತಿಂಗಳು ಸಗಣಿ ಬಾಚಿದೆ. ಯಾರಿಗೆ ಏನು ಉಳಿಯಿತು ಹೇಳು.

ಅತ್ತೆಗೆ ಇವರು ನಿನ್ನ ಕಾಗದ ಓದಿ ಹೇಳಿದರು. ಪೂರ್ತಿ ಕೇಳಿ, "ಓಳಿಗೆ ಆಕಿದ್ದು ನೆಪ್ಪೈತೆ" ಅಂದು ಎದ್ದು ಹೋದರು. ಮಾರನೇ ಬೆಳಿಗ್ಗೆ ಹಾಲಿನ ಬಕೆಟ್ಟು ನನ್ನ ಬಾಗಿಲ ಹತ್ತಿರ ಇತ್ತು, ತೊಳೆದು ಬೋರಲು ಹಾಕಿತ್ತು. ಅವರ ಕೈಲಿ ಆಗುವುದು ಅಷ್ಟೇ ಅಂತ ನಾನು ಎತ್ತಿಕೊಂಡು ಹೋದೆ. ಕೆಂಪಿ ನಿಂತಳು. ಎಂಟು ಲೀಟರ್. ಡೇರಿಯ ಹತ್ತಿರ ಯಾರೋ ಹಸುವಿಗೆ ಏನಾಗಿತ್ತು ಅಂತ ಕೇಳಿದ್ದಕ್ಕೆ, "ಕರೆಂಟು ಇಡ್ದಿತ್ತು ಕಣ್ರವ್ವ. ನಮ್ ಸೊಸೆ ಅಳ್ದು ಕಂಡಿಡಿದ್ಲು" ಅಂದರಂತೆ. ನನಗೆ ಬಂದು ಹೇಳಿದವಳು ಪಕ್ಕದ ಮನೆ ಪಾರ್ವತಮ್ಮ.

ರಾಣಿಯನ್ನು ವಾಪಸ್ ಕೊಡುವುದಿಲ್ಲ ಅಂದರು ಕೊಂಡ ಕೊಣನೂರಿನವರು. ಇವರು ಹೋಗಿ ಕೇಳಿ ಬಂದರು. ಕೊಡಬೇಕಾಗಿಯೂ ಇಲ್ಲ. ಅಲ್ಲಿ ಅವಳು ಚೆನ್ನಾಗಿದ್ದಾಳೆ.

ಡಾಕ್ಟರು ಹೊರಗೆ ಕರೆದು ಹೇಳಿದ್ದನ್ನು ಇವರು ನನಗೆ ಹೇಳಿದ್ದಾರೆ. ನೀನು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ.

ನಾಳೆ ಬೆಳಿಗ್ಗೆ ಹಾಲು ಕರೆದು ಏಳೂವರೆ ಬಸ್ಸಿಗೆ ಹೊರಡುತ್ತೇನೆ. ಅತ್ತೆಯೇ ಅಂದರು, "ಓಗವ್ವ, ಅಣ್ಣುನ್ ನೋಡ್ಕೋ. ಸಂಜೇದು ನಾ ಕರ್ಕೋತೀನಿ" ಅಂತ. ಎಷ್ಟು ದಿನಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಬಂದ ಮೇಲೆ ಚೀಟಿ ಪೆನ್ನು ಹುಡುಕಬೇಡ. ಏನನ್ನೂ ಬರೆದು ವಿವರಿಸಬೇಡ. ಮಂಚದ ಪಕ್ಕದಲ್ಲಿ ಒಂದು ಸ್ಟೂಲ್ ಇದೆ ಅಂತ ಇವರು ಹೇಳಿದರು. ಅಲ್ಲಿ ಸುಮ್ಮನೆ ಕೂತುಕೊಳ್ಳುತ್ತೇನೆ. ನನಗೂ ಬಹಳ ಸುಸ್ತಾಗಿದೆ ಅಣ್ಣ.

ನೇತ್ರಾ